ಐವತ್ತು ಕಿಲೋ ಹಳೇ ಇಸ್ತ್ರಿ

ಸಾಹುಕಾರರ ತಲೆನೋವಿಗೆ ಕಾರಣ ಒಂದು ಕಾಗದ. ಹನ್ನೊಂದು ತಿಂಗಳ ಹಿಂದೆ ಸರ್ಕಾರದ ಇಲಾಖೆಯಿಂದ ಬಂದಿದ್ದ ಅದನ್ನು ಅವರು ನಾಲ್ಕು ಮಡಿಕೆ ಮಾಡಿ, ಕುಂಟುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದರು. ಅವತ್ತು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಹೆಂಡತಿ ಅದನ್ನು ಎಳೆದು, ಬಿಡಿಸಿ, ಓದಿದಳು.

"ರೀ, ಇವತ್ತೇ ಕಡೇ ದಿನ ಅಂತಿದೆಯಲ್ರೀ!"

ಸಾಹುಕಾರರು ಎಂಬುದು ಬೀದಿಯವರು ಇಟ್ಟ ಹೆಸರು. ಇದ್ದದ್ದು ಮನೆಗೆ ಅಂಟಿಕೊಂಡೇ ಇಸ್ತ್ರಿ ಪೆಟ್ಟಿಗೆ ತಯಾರಿಸುವ ಒಂದು ಶೆಡ್ಡು, ನಾಲ್ಕು ಜನ ಕೆಲಸದವರು. ಬೀದಿಯವರ ಬಟ್ಟೆಯ ಸುಕ್ಕನ್ನೆಲ್ಲ ಬಿಡಿಸಿದ ಪುಣ್ಯಾತ್ಮನ ಸ್ವಂತ ಅಂಗಿ ಮಾತ್ರ ಸದಾ ಕರು ಅಗಿದು ಬಿಟ್ಟ ಹಾಗಿರುತ್ತಿತ್ತು.

ಕಾಗದದ ಸಾರ ಇಷ್ಟು: ಸಾಮಾನು ಮಾಡಿ ಹೊರಗೆ ಬಿಟ್ಟವನೇ ಅದು ಹಳತಾದ ಮೇಲೆ ವಾಪಸು ಪಡೆದು ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ಹೊರಗೆ ಹೋದದ್ದಕ್ಕೆ ತಕ್ಕ ಹಾಗೆ ಒಳಗೆ ಬರಬೇಕು. ಸಾಹುಕಾರರ ಪಾಲು ಐವತ್ತು ಕಿಲೋ. ಸಂಜೆ ಐದರೊಳಗೆ ಆಗದಿದ್ದರೆ ಶೆಡ್ಡಿಗೆ ಬೀಗ.

"ಪೆಟ್ಟಿಗೆ ಒಂದಕ್ಕೆ ಎರಡು ಕಿಲೋ. ಇಪ್ಪತ್ತೈದು ಸಿಕ್ಕಿದ್ರೆ ಸಾಕು," ಎಂದು ಸಾಹುಕಾರರು ಚೀಲ ಹಿಡಿದು ಹೊರಟರು.

ಪಕ್ಕದ ಮನೆ ಅತ್ತಿಗೆಯ ಬಳಿ ಕೆಟ್ಟ ಪೆಟ್ಟಿಗೆ ಇತ್ತು. ಬಾಗಿಲು ಬಡಿಯದ ಹಾಗೆ ಅದನ್ನು ಅಡ್ಡ ಇಟ್ಟಿದ್ದಳು. "ಅದೇನು ಕೆಟ್ಟಿಲ್ಲಪ್ಪ, ಕೆಲಸ ಬದಲಾಯಿಸಿಕೊಂಡಿದೆ ಅಷ್ಟೆ," ಎಂದಳು.

ಎದುರು ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿದರು. "ಜೀವನಪೂರ್ತಿ ಬಾಳಿಕೆ ಅಂತ ಹೇಳಿ ಮಾರಿದ್ದು ಯಾರು?"

"ನಾನೇ, ಮೇಷ್ಟ್ರೇ."

"ನಾನಿನ್ನೂ ಬದುಕಿದ್ದೀನಲ್ಲ!"

ಹತ್ತು ಗಂಟೆಗೆ ಬರಿಗೈಯಲ್ಲಿ ಬಂದ ಗಂಡನನ್ನು ನೋಡಿ ಹೆಂಡತಿ ಹೇಳಿದಳು, "ಹೊಸದು ಕೊಡಿ, ಹಳೇದು ತಾನಾಗೇ ಬರುತ್ತೆ."

ಬೆಲ್ಲ ಇದ್ದಲ್ಲಿಗೆ ಇರುವೆಗೆ ಯಾರೂ ದಾರಿ ತೋರಿಸಬೇಕಿಲ್ಲ. ಹನ್ನೆರಡು ಗಂಟೆಯೊಳಗೆ ಇಪ್ಪತ್ತೈದು ಹೊಸ ಪೆಟ್ಟಿಗೆ ಹೋಗಿ ಇಪ್ಪತ್ತೈದು ಹಳೆಯವು ಬಂದವು. ಅತ್ತಿಗೆಯ ಬಾಗಿಲು ದಡಾರನೆ ಬಡಿದುಕೊಂಡಿತು. ಮೇಷ್ಟ್ರು ಕೂಡ "ಜೀವನ ಇನ್ನೂ ಇದೆ, ಇರಲಿ," ಎಂದು ಹೊಸದನ್ನು ಒಯ್ದರು. ಕೇಂದ್ರಕ್ಕೆ ಒಪ್ಪಿಸುವ ಅರ್ಜಿಯಲ್ಲಿ ಯಾರ ಮನೆಯದು ಎಂದು ಬರೆಯಬೇಕಿತ್ತಲ್ಲ, ಸಾಹುಕಾರರು ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟಿದರು. ನೆಲ ಒದ್ದೆಯಿತ್ತೆಂದು ಎಲ್ಲವನ್ನೂ ಶೆಡ್ಡಿನ ರಿಪೇರಿ ಮೇಜಿನ ಮೇಲೆ ಒಟ್ಟಿ, ಸಂಗ್ರಹ ಕೇಂದ್ರದ ಸಾಲಿನಲ್ಲಿ ನಿಂತು ಅರ್ಜಿ ತರಲು ಹೋದರು.

ಅರ್ಜಿ ಕೈಗೆ ಸಿಕ್ಕಾಗ ಮೂರೂವರೆ. ಬಾಡಿಗೆ ಗಾಡಿಯವನನ್ನೂ ಕರೆದುಕೊಂಡು ಬಂದು ನೋಡಿದರೆ ಮೇಜು ಬೋಳು ತಲೆಯ ಹಾಗೆ ಹೊಳೆಯುತ್ತಿದೆ!

ಪಕ್ಕದಲ್ಲಿ ರಿಪೇರಿ ತಾತ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಸಾಹುಕಾರರ ಅಪ್ಪನ ಕಾಲದಿಂದ ಇದ್ದವರು. ಮಧ್ಯಾಹ್ನದ ಪಾಳಿಗೆ ಬರುವುದು, ಮೇಜಿನ ಮೇಲೆ ಏನಿದ್ದರೂ ರಿಪೇರಿ ಮಾಡಿ, ಚೀಟಿ ನೋಡಿ ಮನೆಯವರಿಗೆ ಮುಟ್ಟಿಸುವುದು, ಮೂವತ್ತು ವರ್ಷದಿಂದ ಇದೇ ಅಭ್ಯಾಸ.

"ಹೇಳಿ ಕಳಿಸಿದೆ, ಎಲ್ಲರೂ ಬಂದು ತಗೊಂಡು ಹೋದ್ರು ಮಗಾ. ಹದಿನೆಂಟಕ್ಕೆ ವೈರು ಕಿತ್ತಿತ್ತು. ಐದಕ್ಕೆ ಪ್ಲಗ್ಗು ಸುಟ್ಟಿತ್ತು. ಇನ್ನೆರಡಕ್ಕೆ ಏನೂ ಆಗಿರಲಿಲ್ಲ, ಸುಮ್ನೆ ಧೂಳು."

"ತಾತಾ, ಯಾರೂ ಏನೂ ಹೇಳಲಿಲ್ವೆ? ಅವರಿಗೆ ಹೊಸದು ಕೊಟ್ಟಿದ್ದೆನಲ್ಲ!"

"ಪಾಪ, ಒಬ್ಬರೂ ತುಟಿ ಬಿಚ್ಚಲಿಲ್ಲ. ನಗ್ತಾ ನಗ್ತಾ ಹೋದ್ರು."

ಸಾಹುಕಾರರು ಮತ್ತೆ ಓಡಿದರು. "ಅದು ರೇಷ್ಮೆ ಬಟ್ಟೆಗೆ, ಇದು ಹತ್ತಿ ಬಟ್ಟೆಗೆ," ಎಂದಳು ಅತ್ತಿಗೆ. ಮೇಷ್ಟ್ರ ಮನೆ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಸಂದಿಯಿಂದ ಬಿಸಿ ಇಸ್ತ್ರಿಯ ವಾಸನೆ ಮಾತ್ರ ಬರುತ್ತಿತ್ತು.

ಐದು ಗಂಟೆಗೆ ಸರಿಯಾಗಿ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಒಂದು ಚೀಲ. ಸಾಹುಕಾರರು ಇದ್ದದ್ದನ್ನು ಇದ್ದ ಹಾಗೇ ಹೇಳಿದರು. "ನಾಲ್ಕು ಜನರ ಅನ್ನ ಸ್ವಾಮಿ, ಬೀಗ ಹಾಕಬೇಡಿ."

ಇನ್‌ಸ್ಪೆಕ್ಟರ್ ಮನುಷ್ಯ ಒಳ್ಳೆಯವರು. ಬೀಗ ಜೇಬಿಗೆ ಹಾಕಿಕೊಂಡರು. "ಒಂದು ತಿಂಗಳು ಗಡುವು ಕೊಡ್ತೀನಿ, ಹೋಗ್ಲಿ. ಆದರೆ ಇವತ್ತು ಇಪ್ಪತ್ತೈದು ಹೊಸದು ಹೊರಗೆ ಬಿಟ್ಟಿದ್ದೀರಿ ಅಂದ್ರಲ್ಲ? ಒಳಗೆ ಬಂದದ್ದು ಒಂದೂ ಇಲ್ಲ. ಹಾಗಾದ್ರೆ ಐವತ್ತಲ್ಲ, ನೂರು ಕಿಲೋ," ಎಂದು ಬರೆದು ಸಹಿ ಹಾಕಿದರು.

ಆಮೇಲೆ ಸ್ವಲ್ಪ ಸಂಕೋಚದಿಂದ ಚೀಲ ಬಿಚ್ಚಿದರು. ಒಳಗಿದ್ದದ್ದು ಸಾಹುಕಾರರ ಅಪ್ಪನೇ ಮಾಡಿದ ಹಳೇ ಪೆಟ್ಟಿಗೆ. "ಹೇಗೂ ಬಂದಿದ್ದೆ. ನಮ್ಮನೆಯವರು ಇದನ್ನ ಕಸಕ್ಕೆ ಹಾಕಿ ಅಂತ ಕೊಟ್ಟು ಕಳಿಸಿದ್ರು."

ಎರಡು ಕಿಲೋ! ಸಾಹುಕಾರರ ಕಣ್ಣು ಮಿನುಗಿತು. ಅವರು ಕೈ ಚಾಚುವಷ್ಟರಲ್ಲಿ ಪೆಟ್ಟಿಗೆ ತಾತನ ರಿಪೇರಿ ಮೇಜಿನ ಮೇಲಿತ್ತು. ಐದೇ ನಿಮಿಷ, ಕೆಂಪು ದೀಪ ಹತ್ತಿತು.

"ಸ್ವಾಮಿ, ಅದನ್ನಾದ್ರೂ ಕೊಟ್ಟು ಹೋಗಿ," ಎಂದು ಸಾಹುಕಾರರು ಅಂಗಲಾಚಿದರು.

ಇನ್‌ಸ್ಪೆಕ್ಟರ್ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡರು. "ಇದನ್ನಾ? ಚೆನ್ನಾಗಿ ಕಾಯ್ತಾ ಇದೆಯಲ್ರೀ!"