ಹತ್ತೊಂಬತ್ತು ನಿಮಿಷ ಸುಮ್ಮನೆ ತಿರುಗಿದ ಸಿ.ಡಿ.

ನಮ್ಮ ಮನೆಯ ಲಿನಕ್ಸ್ ಗಣಕದೊಳಗೆ ವಾಸವಾಗಿದ್ದು, ಸಿ.ಡಿ. ಬರೆದುಕೊಡುವ ಕಾಯಕದಲ್ಲಿ ನಿರತರಾಗಿರುವ ಮಾನ್ಯ ತಂತ್ರಾಂಶದವರ ಸನ್ನಿಧಿಗೆ, ಕುಹ್ಮೊ ಊರಿನ ನಿವೃತ್ತ ಶಾಲಾ ಅಡುಗೆಯವಳು ಟೆರ್ಟು ಕುಲ್ಲೊನೆನ್ ಮಾಡುವ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ. ತಮಗೆ ಎಂದೂ ಏನೂ ಆಗುವುದಿಲ್ಲ, ಆಗುವುದೆಲ್ಲ ನಮಗೇ. ನನ್ನ ಯಜಮಾನರು ರೈಮೊ ಕಳೆದ ತಿಂಗಳು ತೀರಿಕೊಂಡರು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವರು ಬಾಯಿ ಬಿಟ್ಟದ್ದು ಊಟಕ್ಕೆ ಮತ್ತು ಹಲ್ಲಿನ ಡಾಕ್ಟರಿಗೆ. ಆದರೆ ಕೊನೆಯ ಚಳಿಗಾಲದಲ್ಲಿ ಗಣಕದ ಮುಂದೆ ಕೂತು ಹತ್ತೊಂಬತ್ತು ನಿಮಿಷ ಮಾತಾಡಿ ಧ್ವನಿ ಮುದ್ರಿಸಿಟ್ಟರು. ಕೊನೆಗೆ, ‘ಟೆರ್ಟು, ನಿನ್ನ ಜೊತೆ ಚೆನ್ನಾಗಿತ್ತು’ ಎಂದಿದ್ದಾರೆ. ಅದನ್ನು ಊರು ಒಮ್ಮೆ ಕೇಳಲಿ ಎಂಬುದೇ ನನ್ನ ಆಸೆ. ಅದರಲ್ಲಿ ಸ್ವಲ್ಪ ಜಂಬವೂ ಇತ್ತು, ಮುಚ್ಚಿಡುವುದಿಲ್ಲ.

ಪರದೆಯ ಮೇಲೆ ಅವರೇ ಇಟ್ಟಿದ್ದ ‘ಟೆರ್ಟುಗೆ’ ಎಂಬ ಗುರುತನ್ನು ಎಳೆದು ತಮ್ಮ ಮಡಿಲಿಗೆ ಹಾಕಿದೆ. ತಾವು ಗುರುಗುಟ್ಟುತ್ತ ದುಡಿದು, ‘ಯಶಸ್ವಿಯಾಗಿ ಬರೆಯಲಾಗಿದೆ’ ಎಂದಿರಿ. ಮನೆಯಲ್ಲಿ ಅದೇ ಗಣಕಕ್ಕೆ ಹಾಕಿ ನೋಡಿದೆ, ಮಾತಾಡಿತು. ಆ ಗುರುತು ಧ್ವನಿಯಲ್ಲ, ಧ್ವನಿ ನಮ್ಮ ಗಣಕದೊಳಗೆ ಎಲ್ಲಿದೆ ಎಂದು ಹೇಳುವ ಬರಿಯ ವಿಳಾಸ ಎಂಬುದು ಆಮೇಲೆ ತಿಳಿಯಿತು. ಹಾಲು ತರಲು ಕಳಿಸಿದರೆ ಅಂಗಡಿಯ ವಿಳಾಸವನ್ನು ದುಂಡಗೆ ಬರೆದು ತಂದುಕೊಡುವ ತಮ್ಮ ಈ ನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು.

ಶವಸಂಸ್ಕಾರ ಮುಗಿದು, ಚರ್ಚಿನ ಸಭಾಂಗಣದಲ್ಲಿ ಕಾಫಿ, ಏಲಕ್ಕಿ ಬನ್ನು ಆದ ಮೇಲೆ, ‘ಇನ್ನು ಹತ್ತೊಂಬತ್ತು ನಿಮಿಷ ರೈಮೊ’ ಎಂದು ಹೇಳಿ ಅಲ್ಲಿನ ಸಿ.ಡಿ. ಯಂತ್ರದ ಗುಂಡಿ ಒತ್ತಿದೆ. ಸಿ.ಡಿ. ತಿರುಗಿತು, ಸದ್ದಿಲ್ಲ. ಎದ್ದು ನೋಡೋಣವೆಂದರೆ ನಲವತ್ತು ಜನ ಆಗಲೇ ತಲೆ ತಗ್ಗಿಸಿ ಕೂತಿದ್ದರು. ಮೌನ ಕೇಳಿಸಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳುವ ಜನವಲ್ಲ ನಮ್ಮದು. ಗಡಿಯಾರ ನೋಡಿಕೊಂಡು ಪೂರ್ತಿ ಹತ್ತೊಂಬತ್ತು ನಿಮಿಷ ಕೇಳಿದರು. ಪಾದ್ರಿಗಳು ಕಣ್ಣೊರೆಸಿಕೊಂಡು, ‘ರೈಮೊ ಇದ್ದ ಹಾಗೇ ಇದೆಯಲ್ಲಮ್ಮ’ ಎಂದರು. ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಮನೆಗೆ ಬಂದು ಅತ್ತೆ.

ಆದಕಾರಣ ತಾವು ಕಪ್ಪು ಕೋಟು ತೊಟ್ಟು ನಲವತ್ತು ಮನೆಗಳಿಗೂ ಹೋಗಿ, ಬಾಗಿಲಲ್ಲಿ ಬೂಟು ಕಳಚಿ, ‘ಅವರು ಮಾತಾಡಿದ್ದರು, ನಾನೇ ತರಲಿಲ್ಲ’ ಎಂದು ಒಪ್ಪಿಕೊಳ್ಳಬೇಕಾಗಿ ವಿನಂತಿ. ಅದಾಗದಿದ್ದರೆ ಆ ದಿನವನ್ನೇ ಇನ್ನೊಮ್ಮೆ ಬರೆದುಕೊಡಿ. ಬನ್ನು ನಾನು ಮಾಡುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ಟೆರ್ಟು ಕುಲ್ಲೊನೆನ್

ವಿ.ಸೂ.: ಎರಡನೇ ಸಲ ಧ್ವನಿಯನ್ನೇ ಬರೆಸಿ, ಸಿ.ಡಿ.ಯನ್ನು ರೈಮೊರ ಅಕ್ಕ ಹಿಲ್ಕಗೆ ಕೊಟ್ಟೆ. ಮರುದಿನವೇ ಹಿಂದಿರುಗಿಸಿದಳು. ‘ಯಾರೋ ಚೆನ್ನಾಗಿ ಮಾತಾಡ್ತಾರೆ ಕಣೇ, ಆದ್ರೆ ನಮ್ಮ ರೈಮೊ ಅಲ್ಲ. ಅವತ್ತು ಹಾಕಿದ್ಯಲ್ಲ, ಅದನ್ನೇ ಕೊಡು’ ಎಂದಳು. ಕೊಟ್ಟೆ. ಹೀಗಾಗಿ ಅವರ ಆ ಕೊನೆಯ ಮಾತು ನನ್ನೊಬ್ಬಳಿಗೇ ಉಳಿಯಿತು. ಅದು ನನಗೆ ಹಿತವಾಗಿಯೂ ಇದೆ. ತಮಗೆ ಋಣಿಯಾಗುವ ಹಾಗೆ ಮಾಡಿದಿರಲ್ಲ, ಅದೊಂದನ್ನು ಮಾತ್ರ ಕ್ಷಮಿಸಲಾರೆ.