ಮರ ಅಪ್ಪಿ ನಿಂತವನು

ಚೂ ಮಾವೊಲಿನ್‌ನ ಅಂದಿನ ಪಾಡಿಗೆಲ್ಲ ಕಾರಣ ಒಂದು ಕುದುರೆ, ಅದೂ ಚೀನೀ ಚದುರಂಗದ್ದು. ಲೊಯಾಂಗ್‌ನ ನದಿದಂಡೆಯ ಪಾರ್ಕಿನಲ್ಲಿ ಗೆಳೆಯ ಗೆಂಗ್‌ಗೆ ಇನ್ನೇನು ಮಣ್ಣುಮುಕ್ಕಿಸಬೇಕು, ಅಷ್ಟರಲ್ಲಿ ಬಿಲ್ಲೆಯಂಥ ಆ ಕಾಯಿ ಕಲ್ಲುಬೆಂಚಿನ ಕೆಳಗೆ ಉರುಳಿಹೋಯಿತು.

ಚೂ ಬಗ್ಗಿ ಅದನ್ನು ಹೆಕ್ಕಿದ. ಏಳಹೋದ. ಅರ್ಧ ಎದ್ದಾಗ ಸೊಂಟ ಛಳಕ್ಕೆಂದಿತು. ಮಂಡಿ ತುಸು ಬಾಗಿ, ಕೈಗಳೆರಡೂ ಎದೆಯ ಮುಂದೆ ಬಳಸಿದಂತಾಗಿ, ತುಕ್ಕು ಹಿಡಿದ ಕೊಡೆಯಂತೆ ಅಲ್ಲೇ ಸಿಕ್ಕಿಕೊಂಡ.

ಕೂಗುವಂತಿರಲಿಲ್ಲ. ಅವನು ದಿನಾ ಬೆಳಗಾದರೆ ಚಿಗಾಂಗ್ ವ್ಯಾಯಾಮ ಮಾಡಲು ಬರುತ್ತಾನೆಂದೇ ಹೆಂಡತಿ ಶೂಯುನ್ ನಂಬಿದ್ದಳು. ಚದುರಂಗದ ಸುದ್ದಿ ಕಿವಿಗೆ ಬಿದ್ದರೆ ಹಲಗೆ ಸೀದಾ ಗುಜರಿಗೆ ಎಂದು ಮೊದಲೇ ಹೇಳಿದ್ದಳು.

ಪಕ್ಕದ ಗಿಂಕೋ ಮರದಡಿ ಚಿಗಾಂಗ್ ಗುಂಪಿನ ಯಜಮಾನಿ ಪಾಂಗಮ್ಮ ಇತ್ತ ತಿರುಗಿದಳು.

"ಅಯ್ಯೋ, ನೋಡ್ರೇ ಇಲ್ಲಿ! ಚಿಗಾಂಗ್‌ನ ಮರ ಅಪ್ಪೋ ನಿಲುವು! ಒಂದಿಷ್ಟೂ ಅಲುಗಾಡ್ತಿಲ್ಲ! ಗುರುಗಳೇ, ಇಷ್ಟು ದಿನ ಈ ಚದುರಂಗದ ಸೋಮಾರಿಗಳ ನಡುವೆ ವೇಷ ಮರೆಸ್ಕೊಂಡು ಕೂತಿದ್ರಾ?"

"ಸೊಂಟ..." ಎಂದು ಚೂ ನರಳಿದ.

"ಕೇಳಿಸ್ಕೊಂಡ್ರಾ? ಎಲ್ಲಾ ಸೊಂಟದಲ್ಲೇ ಇದೆಯಂತೆ!"

ಗುಂಪಿಗೆ ಗುಂಪೇ ಅವನ ಹಿಂದೆ ಸಾಲಾಗಿ ನಿಂತು ಇಲ್ಲದ ಮರ ಅಪ್ಪಿತು. ಪಾಂಗಮ್ಮ ಚೂವಿನ ಬೆನ್ನ ಹಿಂದಿನಿಂದ ವಿಡಿಯೋ ಹಿಡಿಯುತ್ತಲೇ ವಿದ್ಯೆಯ ಮೂಲ ಹೇಳಿದಳು: ಹಿಂದೆ ಒಬ್ಬ ಸೇನಾಪತಿ ತನ್ನ ಸೈನಿಕರಿಗೆ ಕಲಿಸಿದ್ದಂತೆ. ಅಲ್ಲ, ಗುಹೆಯಲ್ಲಿದ್ದ ಸನ್ಯಾಸಿ ಕರಡಿಯನ್ನು ನೋಡಿ ಕಲಿತದ್ದು ಎಂದರು ಯಾರೋ. ದಾಖಲೆ ಇದೆಯೇ ಎಂದು ಒಬ್ಬರೂ ಕೇಳಲಿಲ್ಲ. ಪ್ರಯೋಜನದ ವಿಷಯದಲ್ಲಿ ಮಾತ್ರ ಜಗಳವಿರಲಿಲ್ಲ: ರಕ್ತದೊತ್ತಡ ಇಳಿಯುತ್ತದೆ, ನಿದ್ದೆ ಬರುತ್ತದೆ, ಸೊಸೆ ಎದುರಾಡುವುದಿಲ್ಲ.

ಚೂ ಬೆವೆತ. "ವಿಷ ಹೊರಗೆ ಹೋಗ್ತಿದೆ," ಎಂದಳು ಪಾಂಗಮ್ಮ.

ಅದೇ ಹೊತ್ತಿಗೆ ಗೆಂಗ್ ಹಲಗೆಯ ಮೇಲಿನ ತನ್ನ ಫಿರಂಗಿ ಕಾಯಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಕಣ್ಣೆದುರಿಗೇ ಗೆದ್ದ ಆಟ ಕಳ್ಳತನವಾಗುತ್ತಿದೆ, ಬೆರಳೆತ್ತಲೂ ಆಗದು! ಚೂವಿನ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು.

"ಗುರುಗಳ ಹೃದಯ ತೆರೀತು!" ಎಂದು ಗುಂಪು ಚಪ್ಪಾಳೆ ತಟ್ಟಿತು.

ಸಾರಿನಂಗಡಿಯ ಘಮ ಬಂದ ಮೇಲಷ್ಟೇ ಶಿಷ್ಯರು ಕರಗಿದರು. ಗೆಂಗ್ ಅವನನ್ನು ತರಕಾರಿ ಗಾಡಿಗೆ ಹೇರಿ ಮನೆಗೆ ತಲುಪಿಸಿದ. "ನೀನು ಸೋತೆ ಕಣೋ," ಎಂದು ದಾರಿಯಲ್ಲೇ ಹೇಳಿಬಿಟ್ಟ.

ಶೂಯುನ್ ಗಂಡನನ್ನು ಬೀದಿಯ ಕೊನೆಯ ಡಾಕ್ಟರ ಹತ್ತಿರ ಕರೆದೊಯ್ದಳು.

"ಚಿಗಾಂಗ್ ಮಾಡ್ತಾ ಹಿಡ್ಕೊಳ್ತು," ಎಂದ ಚೂ, ಹೆಂಡತಿಯ ಮುಖ ನೋಡದೆ.

ಎಳೆಯ ಡಾಕ್ಟರು ಬೆನ್ನು ಒತ್ತಿ ನೋಡಿ ತಲೆಯಾಡಿಸಿದರು. "ಇದು ಬಗ್ಗಿ ಕೂತು ಕೂತು ಕೆಟ್ಟ ಸೊಂಟ. ಚಿಗಾಂಗ್ ಅಂದ್ರೆ ಹೇಗಿರ್ಬೇಕು ಗೊತ್ತಾ?" ನೋವಿನ ಮಾತ್ರೆಯ ಚೀಟಿ ಬರೆದಿಟ್ಟು ಫೋನನ್ನು ಅವರತ್ತ ತಿರುಗಿಸಿದರು. "ನಮ್ಮಮ್ಮ, ಪಾಂಗಮ್ಮ ಅಂತ, ಬೆಳಿಗ್ಗೆ ಕಳಿಸಿದ್ದು. ಈ ಗುರುಗಳ ಕಾಲು ಹಿಡ್ಕೊಳ್ಳಿ."

ಪರದೆಯಲ್ಲಿ ಕಂಡದ್ದು ಬರೀ ಬೆನ್ನು. ಡಾಕ್ಟರ ಮಾತು ಕೇಳಿ ಗಂಡನನ್ನು ದುರುಗುಟ್ಟುತ್ತಿದ್ದ ಶೂಯುನ್ ಕನ್ನಡಕ ಏರಿಸಿದಳು. ಸ್ವೆಟರಿನ ಮೊಣಕೈಗೆ ಹಸಿರು ತೇಪೆ, ತಾನೇ ಹೊಲಿದದ್ದು.

"ರೀ... ಇದು ನೀವೇ!" ಅವಳ ಕಣ್ಣು ತುಂಬಿತು. "ನಾನು ಪಾಪಿ, ನಿಮ್ಮ ಮೇಲೇ ಅನುಮಾನ ಪಟ್ಟೆನಲ್ಲ!"

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಗುರುಗಳೇ! ನನ್ನನ್ನ ಪರೀಕ್ಷೆ ಮಾಡೋಕೆ ಬಂದ್ರಾ?"

ಹೌದೆಂದರೆ ನಾಳೆಯಿಂದ ಗಿಂಕೋ ಮರದಡಿ ನಿಲ್ಲಬೇಕು. ಅಲ್ಲವೆಂದರೆ ಹಲಗೆ ಗುಜರಿಗೆ. ಚೂ ಬಾಯಿ ತೆರೆದ, ಮುಚ್ಚಿದ.

"ನೋಡಿ, ಮೌನ!" ಎಂದರು ಡಾಕ್ಟರು. "ನಾಳೆ ಬೆಳಕು ಹರಿಯೋಕೆ ಮುಂಚೆ ಅಮ್ಮ ನಿಮ್ಮ ಬಾಗಿಲಲ್ಲಿರ್ತಾರೆ."

"ನಾನೂ ಬರ್ತೀನಿ," ಎಂದಳು ಶೂಯುನ್. "ದಿನಾ."

ಚೂ ಮೇಜಿನ ಮೇಲಿದ್ದ ಮಾತ್ರೆಯ ಚೀಟಿಗೆ ಕೈ ಚಾಚಿದ. ಅದಕ್ಕೂ ಮೊದಲೇ ಡಾಕ್ಟರು ಅದನ್ನು ಎತ್ತಿ, ನಾಲಗೆ ಕಚ್ಚಿಕೊಂಡು, ಪರಪರನೆ ಹರಿದುಹಾಕಿದರು.

"ಛೆ ಛೆ, ನಿಮಗೆ ನಾನು ಮಾತ್ರೆ ಕೊಡೋದಾ!"