ಎರಡು ಪಟ್ಟಿ, ಒಂದು ನಡುಕ

"ಮುಂದಿನ ವಾರದ ಶನಿವಾರ ಸಂಜೆಗೆ ನೀನು ಕಲಾವಿದನ ಹೆಂಡತಿ ಆಗಿರ್ತೀಯ, ನೋಡ್ತಿರು!" ಎಂದು ಘೋಷಿಸಿ ದರ್ಜಿ ಲುಬೇಗ ಹೊಲಿಗೆ ಯಂತ್ರದ ಮುಂದಿನಿಂದ ಧಡಕ್ಕನೆ ಎದ್ದ. ಎದ್ದ ರಭಸಕ್ಕೆ ಸೂಜಿ ಮುರಿಯಿತು. ಮಹತ್ಕಾರ್ಯಗಳಿಗೆ ಮೊದಲು ಇಂಥ ಸಣ್ಣಪುಟ್ಟ ಬಲಿ ಬೀಳುವುದು ಸಹಜವೆಂದು ಅವನು ಅದರ ಕಡೆ ನೋಡಲೇ ಇಲ್ಲ.

ಹೆಂಡತಿ ನಾಮಿರೆಂಬೆ ಕಡಲೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ದರ್ಜಿಯ ಹೆಂಡತಿ ಆಗಿದ್ದಕ್ಕೇ ನನ್ನ ರವಿಕೆ ತೋಳು ಹರಿದು ಆರು ತಿಂಗಳಾಯ್ತು. ಇನ್ನು ಕಲಾವಿದನ ಹೆಂಡತಿಯಾದ್ರೆ ಗೋಣಿಚೀಲಾನೇ ಗತಿ!"

ವಿಷಯ ಇಷ್ಟೇ. ಎಂಪಿಗಿ ಪೇಟೆಯ ವಾಲುಸಿಂಬಿ ಮೇಷ್ಟ್ರ ವಾದ್ಯಮೇಳದಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಅವರ ಅಮದಿಂಡ ಎಂದರೆ ಸುತ್ತ ಹತ್ತೂರಿಗೆ ಹೆಸರುವಾಸಿ. ಎರಡು ಹಸಿ ಬಾಳೆಕಂಬಗಳ ಮೇಲೆ ಅಡ್ಡಡ್ಡ ಜೋಡಿಸಿದ ಹನ್ನೆರಡು ಮರದ ಪಟ್ಟಿಗಳು, ನುಡಿಸಲು ಮೂವರು. ಇಬ್ಬರು ಎದುರುಬದುರು ಕೂತು, ಒಬ್ಬನ ಪೆಟ್ಟಿನ ಸಂದಿಯಲ್ಲಿ ಇನ್ನೊಬ್ಬ ಪೆಟ್ಟು ತೂರಿಸುತ್ತ ಹೋಗುತ್ತಾರೆ. ಮೂರನೆಯವನು ತುದಿಯಲ್ಲಿ ಕೂತು ಕೊನೆಯ ಎರಡೇ ಎರಡು ಪಟ್ಟಿ ಬಾರಿಸುತ್ತಾನೆ. ಖಾಲಿಯಾಗಿದ್ದುದು ಆ ಮೂರನೆಯ ಜಾಗ.

"ಹನ್ನೆರಡರಲ್ಲಿ ಎರಡೇನಾ?" ಎಂದಳು ನಾಮಿರೆಂಬೆ. "ಬಾಕಿ ಹತ್ತು ಯಾರ ಮನೆ ಸೇರಿದ್ವು?"

"ಅಯ್ಯೋ ಪೆದ್ದಿ, ಅದೇ ಕಣೇ ಕಷ್ಟದ ಜಾಗ! ಅವರಿಬ್ಬರೂ ಮಳೆ ಸುರಿದ ಹಾಗೆ ಬಾರಿಸ್ತಿರ್ತಾರೆ. ಅದರೊಳಗೆ ಬುಡದ ಎರಡು ಸ್ವರ ಎಲ್ಲೆಲ್ಲಿ ಬಂತು ಅಂತ ಹುಡುಕಿ ಹುಡುಕಿ, ಅವನ್ನೇ ತುದಿಯ ಪಟ್ಟೀಲಿ ಎತ್ತಿ ಹಿಡೀಬೇಕು. ಹಾಗೆ ಬಾರಿಸೋರು ಈ ಸೀಮೇಲೇ ನಾಲ್ಕು ಜನ ಇಲ್ಲ!"

"ಐದನೆಯವರು ನೀವು?"

"ಇನ್ನೇನು ಮತ್ತೆ!"

ಬಾಯಿ ಜಂಬ ಏನೇ ಇರಲಿ, ಆಸೆ ಮಾತ್ರ ಸುಳ್ಳಲ್ಲ. ಹನ್ನೆರಡು ವರ್ಷಗಳಿಂದ ಆ ಮೇಳದವರ ಬಿಳಿ ನಿಲುವಂಗಿಗಳನ್ನು ಹೊಲಿದುಕೊಟ್ಟವನು ಲುಬೇಗನೇ. ಅಳತೆ ತೆಗೆಯುವ ನೆಪದಲ್ಲಿ ಅಭ್ಯಾಸದ ಹೊತ್ತಿಗೇ ಹೋಗಿ, ಬೇಲಿಯಾಚೆ ನಿಂತು ತೊಡೆಯ ಮೇಲೆ ಎರಡು ಬೆರಳಿನಲ್ಲಿ ತಾಳ ಹಾಕುತ್ತ ಊಟದ ಹೊತ್ತು ಮರೆತವನು. ನಲವತ್ತೈದು ತುಂಬಿತ್ತು. ಈ ಸಲ ತಪ್ಪಿದರೆ ಬೇಲಿಯಾಚೆಯೇ ಮುದುಕನಾಗುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು.

ಪರೀಕ್ಷೆಗೆ ಹತ್ತು ದಿನ. ಬಡಗಿ ಗೆಳೆಯನಿಂದ ಹಳೆಯ ಪಟ್ಟಿಗಳು ಬಂದವು. ಇನ್ನು ಬಾಳೆಕಂಬ! ನಾಮಿರೆಂಬೆಯ ತೋಟದಲ್ಲಿ ಬಾಳೆಗೇನು ಬರ? ಆದರೆ ಆ ತೋಟದಲ್ಲಿ ಅವಳದೇ ದರ್ಬಾರು. "ಗೊನೆ ಕೊಯ್ದ ಮರ ಮಾತ್ರ ಕಡೀರಿ. ಗೊನೆ ಹೊತ್ತಿರೋದಕ್ಕೆ ಕತ್ತಿ ಸೋಕಿಸಿದ್ರೋ, ನಿಮ್ಮನ್ನೇ ಅಡ್ಡ ಮಲಗಿಸಿ ಅದರ ಮೇಲೆ ಪಟ್ಟಿ ಜೋಡಿಸ್ತೀನಿ!"

ಆದರೆ ಬೇಸಿಗೆಯ ಬಿಸಿಲು ಕಲೆಗೆ ಗೌರವ ಕೊಡುತ್ತದೆಯೇ? ಎರಡು ದಿನಕ್ಕೇ ಕಂಬ ಸೊರಗಿ ಮೆತ್ತಗಾಗಿ, ಪಟ್ಟಿಗಳು ಕುಡುಕರಂತೆ ಒಂದರ ಮೇಲೊಂದು ವಾಲುತ್ತಿದ್ದವು. ಮತ್ತೆ ಎರಡು ಕಂಬ. ಮತ್ತೆರಡು. ಬುಧವಾರದ ಹೊತ್ತಿಗೆ ತೋಟದಲ್ಲಿ ಗೊನೆ ಕೊಯ್ದ ಮರ ಅಂತ ಒಂದೂ ಉಳಿಯಲಿಲ್ಲ.

ಅದೇ ಬುಧವಾರ ಅತ್ತೆಯ ಸವಾರಿ ಬಂತು! ಮಗಳ ಕಡಲೆಕಾಯಿ ಸುಗ್ಗಿಗೆ ಕೈ ಜೋಡಿಸಲು ಬಂದ ಹೆಂಗಸು, ನಿಜ. ಆದರೆ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಎದುರಾದರೆ ದಾರಿ ಬಿಟ್ಟು ಪೊದೆ ಹೊಗಬೇಕು. ಮುಟ್ಟಿದರಂತೂ ಮುಗಿಯಿತು, ಒಬುಕೋ ಅನ್ನೋ ನಡುಕದ ರೋಗ ಹಿಡಿದು ಸಾಯುವ ತನಕ ಕೈ ಗಡಗಡ! ಎಂಪಿಗಿಯಲ್ಲಿ ತೊಟ್ಟಿಲ ಕೂಸಿಗೂ ಇದು ಗೊತ್ತು. ಹಾಗಾಗಿ ಅತ್ತೆ ಹಿತ್ತಲಿನ ಅಡುಗೆಮನೆಯಲ್ಲಿ, ಅಳಿಯ ಮುಂದಿನ ಜಗಲಿಯಲ್ಲಿ, ನಡುವೆ ಒಂದು ಮಣ್ಣಿನ ಗೋಡೆ. ಆ ಗೋಡೆಗೆ ಕಿವಿಯಿತ್ತು, ಬಾಯಿಯೂ ಇತ್ತು.

"ಮಗಳೇ," ಎಂದಿತು ಗೋಡೆ ಗುರುವಾರ, ಲುಬೇಗ ಎರಡು ಪಟ್ಟಿಗಳನ್ನು ಬಡಿಯುತ್ತಿದ್ದಾಗ. "ಅಳಿಯಂದ್ರಿಗೆ ಹೇಳು, ಬೆಂಕಿ ಬಿದ್ದ ಮನೆಯಿಂದ ಓಡೋರ ಹಾಗೆ ಬಾರಿಸ್ತಿದಾರೆ. ಮೊದಲು ಕೇಳಿಸ್ಕೊಳ್ಳಲಿ, ಆಮೇಲೆ ಹೊಡೀಲಿ."

ನಾಮಿರೆಂಬೆ ಇತ್ತ ತಿರುಗಿದಳು. "ಅಮ್ಮ ಹೇಳ್ತಿದಾರೆ, ಮೊದಲು..."

"ಕೇಳಿಸ್ತು! ಅತ್ತೆಯವರಿಗೆ ಹೇಳು, ಇದು ಕಡಲೆಬೀಜ ಕುಟ್ಟೋ ಒನಕೆ ಅಲ್ಲ, ಶಾಸ್ತ್ರ!"

"ಅಳಿಯಂದ್ರಿಗೆ ಹೇಳು, ಒನಕೆಯಾದ್ರೂ ತಾಳ ತಪ್ಪಲ್ಲ."

ಶುಕ್ರವಾರ ಬೆಳಗ್ಗೆ ಕಂಬಗಳು ಪೂರಾ ಕೈಕೊಟ್ಟವು. ನಾಳೆಯೇ ಪರೀಕ್ಷೆ! ಹೆಂಡತಿ ನೀರಿಗೆ ಹೋದದ್ದನ್ನು ನೋಡಿಕೊಂಡು ಲುಬೇಗ ಕತ್ತಿ ಹಿಡಿದು ತೋಟ ಹೊಕ್ಕ. ಅಲ್ಲೊಂದು ದಪ್ಪನೆಯ ಮರ, ಗೊನೆಯೂ ಇತ್ತು. ಇನ್ನೂ ಬಲಿಯದ ಗೊನೆ ತಾನೇ, ಎಂದು ತನಗೆ ತಾನೇ ಜಾಮೀನು ಕೊಟ್ಟುಕೊಂಡು ಬುಡಕ್ಕೆ ಬೀಸಿದ. ಮರ ವಾಲಿತು. ವಾಲಿದ ಕಡೆಯಿಂದ "ಅಯ್ಯಯ್ಯೋ!" ಎಂಬ ಕೂಗು ಬಂತು.

ಅಡುಗೆಗೆ ಎಲೆ ಕೊಯ್ಯಲು ಬಂದ ಅತ್ತೆ! ಮರದ ದಾರಿಯಿಂದ ಹಿಂದಕ್ಕೆ ಹಾರಿದ ಮುದುಕಿ, ಕಾಲು ಜಾರಿ ಬಚ್ಚಲ ಗುಂಡಿಯ ಅಂಚಿನಲ್ಲಿ ಓಲಾಡುತ್ತಿದ್ದಳು. ಲುಬೇಗನಿಗೆ ಯೋಚನೆಗೆ ಪುರುಸೊತ್ತಿರಲಿಲ್ಲ. ನುಗ್ಗಿ ಅವಳ ಕೈ ಹಿಡಿದು ಎಳೆದ. ಇಬ್ಬರೂ ಗಟ್ಟಿನೆಲಕ್ಕೆ ಬಂದು ನಿಂತರು. ಮುಖಕ್ಕೆ ಮುಖ. ಕೈಯಲ್ಲಿ ಕೈ!

ಅತ್ತೆ ಬಾಳೆಎಲೆಯನ್ನು ಮುಖಕ್ಕೆ ಹಿಡಿದು ಒಂದು ಕಡೆ ಓಡಿದಳು. ಅಳಿಯ ಕಣ್ಣು ಮುಚ್ಚಿಕೊಂಡು ಇನ್ನೊಂದು ಕಡೆ ಓಡಿ, ಮೇಕೆಯನ್ನು ಎಡವಿ ಬಿದ್ದ.

ಜಗಲಿಗೆ ಬಂದು ಕೈ ನೋಡಿಕೊಂಡರೆ ನಡುಗುತ್ತಿದೆ! ಸೂಜಿಗೆ ದಾರ ಪೋಣಿಸಲು ಹೋದ, ದಾರ ಉತ್ತರಕ್ಕೆ, ಸೂಜಿ ದಕ್ಷಿಣಕ್ಕೆ. ಚಹಾ ಲೋಟ ಎತ್ತಿದರೆ ಚಹಾ ಎದೆಯ ಮೇಲೆ. "ಮುಗೀತು ಕಣೇ! ಒಬುಕೋ ಹಿಡೀತು! ಮೇಳನೂ ಹೋಯ್ತು, ದರ್ಜಿ ಕೆಲಸನೂ ಹೋಯ್ತು!"

ನೀರು ಹೊತ್ತು ಬಂದ ನಾಮಿರೆಂಬೆ ಮೊದಲು ಅತ್ತದ್ದು ಗೊನೆಗೆ. ಆಮೇಲೆ ಗಂಡನ ಕೈಗೆ.

ಪರಿಹಾರ ಹಿರಿಯರು ಹೇಳಿಟ್ಟದ್ದೇ. ಅತ್ತೆಗೆ ನಾರುಮಡಿ ಕಾಣಿಕೆ ಕಳಿಸಬೇಕು, ಅವಳು ಒಪ್ಪಿಕೊಳ್ಳಬೇಕು. ಮನೆಯಲ್ಲಿದ್ದ ನಾರುಮಡಿ ಒಂದೇ. ಮೇಳದವರ ಹಾಗೆ ನಿಲುವಂಗಿಯ ಮೇಲೆ ಹೆಗಲಿಗೆ ಕಟ್ಟಿಕೊಳ್ಳಲೆಂದು ಲುಬೇಗ ಎರಡು ವರ್ಷದ ಹಿಂದೆಯೇ ತಂದು, ಯಾರಿಗೂ ಹೇಳದೆ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟದ್ದು. ರಾತ್ರಿಯೆಲ್ಲ ಹೊರಳಾಡಿ ಶನಿವಾರ ಬೆಳಗ್ಗೆ ಅದನ್ನು ಹೊರತೆಗೆದು, ಒಮ್ಮೆ ಸವರಿ ಹೆಂಡತಿಯ ಕೈಗಿಟ್ಟ.

ಅವಳು ಹಿತ್ತಲಿಗೆ ಹೋದಳು. ಗುಸುಗುಸು ಕೇಳಿಸಿತು. ಬಹಳ ಹೊತ್ತು ಗುಸುಗುಸು! ಕೊನೆಗೆ ಬಂದು, "ಒಪ್ಪಿಸ್ಕೊಂಡ್ರು. ಹೊರಡಿ" ಎಂದಳು.

ಕೈ ಚಾಚಿ ನೋಡಿದ. ಆಹಾ! ಕಲ್ಲಿನ ವಿಗ್ರಹದ ಕೈ!

ಮೇಳದ ಅಂಗಳದಲ್ಲಿ ವಾಲುಸಿಂಬಿ ಮೇಷ್ಟ್ರು ನೀಳ ಮೂಗಿನ ಮೇಲಿಂದ ನೋಡಿದರು. "ಏನಯ್ಯ ದರ್ಜಿ, ಅಳತೆಗೆ ಬಂದ್ಯಾ?"

"ಅಳತೆ ಕೊಡೋಕೆ ಬಂದೆ ಮೇಷ್ಟ್ರೇ."

ಇಬ್ಬರು ನುಡಿಸಲು ತೊಡಗಿದರು. ಸ್ವರಗಳು ಧೋ ಎಂದು ಸುರಿದವು. ಲುಬೇಗ ಕೋಲೆತ್ತಿ ನುಗ್ಗಿದ, ತಪ್ಪಿದ. ಮತ್ತೆ ನುಗ್ಗಿದ, ಮತ್ತೆ ತಪ್ಪಿದ. ಮೇಷ್ಟ್ರು ಕೆಮ್ಮಿದರು. ಆಗ ಆ ಗೋಡೆಯ ಮಾತು ನೆನಪಾಯಿತು: ಮೊದಲು ಕೇಳಿಸ್ಕೊಳ್ಳಲಿ, ಆಮೇಲೆ ಹೊಡೀಲಿ. ಕೋಲುಗಳನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ಕೂತ. ಒಂದು ಸುತ್ತು, ಎರಡು ಸುತ್ತು. ಬೇಲಿಯಾಚೆ ಹನ್ನೆರಡು ವರ್ಷ ಕೇಳಿದ್ದೆಲ್ಲ ಮೆಲ್ಲಗೆ ಒಂದೊಂದಾಗಿ ಕಿವಿಗೆ ಬಂತು. ಮೂರನೆಯ ಸುತ್ತಿಗೆ ಅವನ ಎರಡು ಪಟ್ಟಿಗಳು ಇಬ್ಬರ ನಡುವೆ ಸರಿಯಾದ ಜಾಗದಲ್ಲಿ ದನಿ ತೆಗೆದವು. ಆಮೇಲೆ ಮೇಷ್ಟ್ರು ನಿಲ್ಲಿಸು ಅನ್ನುವ ತನಕ ತಪ್ಪಲಿಲ್ಲ.

"ಮುಂದಿನ ವಾರ ಒಂದು ಮದುವೆ ಮನೇಲಿ ನಮ್ಮ ಮೇಳ ಇದೆ," ಎಂದರು ಮೇಷ್ಟ್ರು. "ನಿನ್ನ ನಿಲುವಂಗಿ ನೀನೇ ಹೊಲ್ಕೋ."

ಲುಬೇಗ ಮನೆಗೆ ನಡೆದು ಬಂದನೋ ತೇಲಿ ಬಂದನೋ! ಹತ್ತು ದಿನದ ಕಲ್ಲು ಎದೆಯಿಂದ ಇಳಿದಿತ್ತು. ನೇರ ಗೋಡೆಯ ಮುಂದೆ ನಿಂತ. "ಅತ್ತೆಯವರಿಗೆ ಹೇಳು! ಅವರು ನಾರುಮಡಿ ಒಪ್ಪಿಸ್ಕೊಂಡು ನನ್ನ ಕೈ ಉಳಿಸಿದ್ರು! ಕೈ ಒಂದು ಚೂರೂ ಅಲುಗಲಿಲ್ಲ!"

ನಾಮಿರೆಂಬೆ ನಾಲಿಗೆ ಕಚ್ಚಿಕೊಂಡು ಕಡಲೆಕಾಯಿ ಬುಟ್ಟಿಯ ಕೆಳಗಿನಿಂದ ಏನೋ ಎಳೆದಳು. ಅವನದೇ ನಾರುಮಡಿ!

"ಒಪ್ಪಿಸ್ಕೊಳ್ಳಲಿಲ್ಲ ಕಣ್ರೀ. ನಿಜ ಹೇಳಿದ್ರೆ ನೀವು ಹೋಗ್ತಿರಲಿಲ್ಲ."

"ಒಪ್ಪಿಸ್ಕೊಳ್ಳಲಿಲ್ವಾ? ಯಾಕೆ?"

ಈಗ ಗೋಡೆ ಗಂಟಲು ಸರಿಮಾಡಿಕೊಂಡಿತು. "ಮಗಳೇ, ಅಳಿಯಂದ್ರಿಗೆ ಹೇಳು. ಬೀಳೋರನ್ನ ಎತ್ತಿದ ಕೈಗೆ ರೋಗ ಬರೋದಿಲ್ಲ. ಅಲ್ಲದೆ ಆ ಕೈ ನನ್ನನ್ನ ಹಿಡಿದಾಗಲೇ ಗಡಗಡ ಅಂತಿತ್ತು. ಆ ನಡುಕ ನಂದಲ್ಲ, ಹತ್ತು ದಿನದಿಂದ ಅವರೇ ಸಾಕ್ಕೊಂಡಿದ್ದು. ಇನ್ನೊಬ್ಬರ ಹೆದರಿಕೆಗೆ ನಾನ್ಯಾಕೆ ಬಟ್ಟೆ ಇಸ್ಕೊಳ್ಳಲಿ?"

ಸೀಮೆಯ ಐದನೇ ಮಹಾವಾದಕರು ಮೆಲ್ಲಗೆ ಜಗಲಿಯ ಮೇಲೆ ಕೂತರು. ಮುಂದಿಟ್ಟ ತಟ್ಟೆಯಲ್ಲಿ ಆ ಬಲಿಯದ ಗೊನೆಯ ಕಾಯಿಯೇ ಬೆಂದು ಬಿದ್ದಿತ್ತು. ಇನ್ನೂ ಮೂರು ದಿನಕ್ಕಾಗುವಷ್ಟಿತ್ತು. ಎರಡು ತುತ್ತು ನುಂಗಿದ ಮೇಲೆ ಲುಬೇಗನಿಗೆ ತಡೆಯಲಾರದೆ ನಗು ಬಂತು.

"ಅತ್ತೆಯವರಿಗೆ ಹೇಳು," ಎಂದ, "ಆದ್ರೂ ಆ ನಾರುಮಡಿ ಅವರೇ ಇಟ್ಕೊಳ್ಳಲಿ. ಮುಂದಿನ ವಾರ ಮದುವೆ ಮನೇಲಿ ನೂರಾರು ಜನ ಇರ್ತಾರೆ, ಕೈ ಮತ್ತೆ ನಡುಗಿದ್ರೆ?"

"ಅಳಿಯಂದ್ರಿಗೆ ಹೇಳು," ಎಂದಿತು ಗೋಡೆ, "ಒಂದೊಂದು ಸಲ ಬಾರಿಸೋಕೂ ಒಂದೊಂದು ನಾರುಮಡಿ ಅಂದ್ರೆ, ನನ್ನ ಪೆಟ್ಟಿಗೇಲಿ ಅಷ್ಟು ಜಾಗ ಇಲ್ಲ!"